ಮಳೆ ಕೈಕೊಟ್ಟ ವರ್ಷ ಬಂದ ಮಲೇರಿಯಾ

ಮಳೆ ಹೆಚ್ಚಾದರೆ ಸೊಳ್ಳೆ, ಸೊಳ್ಳೆ ಹೆಚ್ಚಾದರೆ ಜ್ವರ. ನಮ್ಮ ಹಳ್ಳಿಗಳಲ್ಲಿ ಎಲ್ಲರೂ ಹೇಳುವ ಮಾತಿದು. ಆದರೆ 1934ರಲ್ಲಿ ಶ್ರೀಲಂಕಾದಲ್ಲಿ ಆದದ್ದು ಇದಕ್ಕೆ ತದ್ವಿರುದ್ಧ. ಅಲ್ಲಿ ಮಳೆ ಬಾರದ್ದಕ್ಕೇ ಮಲೇರಿಯಾ ಬಂತು.

ಆಗ ಅದು ಬ್ರಿಟಿಷರ ಆಳ್ವಿಕೆಯ ಸಿಲೋನ್. ದ್ವೀಪದ ಉತ್ತರ ಮತ್ತು ಪೂರ್ವಕ್ಕೆ ಮಳೆ ಕಡಿಮೆ, ನೈಋತ್ಯಕ್ಕೆ ಜಾಸ್ತಿ. ಒಣ ಸೀಮೆಯಲ್ಲಿ ಮಲೇರಿಯಾ ವರ್ಷವರ್ಷದ ಕಾಟ. ಮಳೆ ಸೀಮೆಯಲ್ಲಿ ಅದರ ಹಾವಳಿ ಕಡಿಮೆ. ಇದಕ್ಕೆ ದೊಡ್ಡ ಕಾರಣ ಅಲ್ಲಿನ ಹೊಳೆಗಳು. ಅಲ್ಲಿ ಮಲೇರಿಯಾ ಹರಡುವ ಅನಾಫಿಲಿಸ್ ಜಾತಿಯ ಸೊಳ್ಳೆ ಮೊಟ್ಟೆ ಇಡುವುದು ಬಿಸಿಲು ಬೀಳುವ, ನಿಂತ ತಿಳಿನೀರಿನಲ್ಲಿ. ಕೆಲನಿ, ಮಹಾ ಓಯದಂಥ ಹೊಳೆಗಳು ತುಂಬಿ ಹರಿಯುವಾಗ ಅದರ ಮರಿಹುಳುಗಳು ಕೊಚ್ಚಿಹೋಗುತ್ತಿದ್ದವು.

1934ರಲ್ಲಿ ನೈಋತ್ಯ ಮುಂಗಾರು ಕೈಕೊಟ್ಟಿತು. ನಮಗೂ ಮಳೆ ತರುವ ಮುಂಗಾರು ಅದೇ. ಹೊಳೆಗಳು ಬತ್ತಿ, ಮರಳಿನ ನಡುವೆ ಲೆಕ್ಕವಿಲ್ಲದಷ್ಟು ನೀರಿನ ಗುಂಡಿಗಳು ಉಳಿದವು. ಸೊಳ್ಳೆಗೆ ಬೇಕಾದದ್ದೂ ಅದೇ. ಅಕ್ಟೋಬರ್ ಹೊತ್ತಿಗೆ ಜ್ವರ ಊರೂರಿಗೆ ಹಬ್ಬತೊಡಗಿತು. ಮರುವರ್ಷ ಅದು ತಣ್ಣಗಾಗುವಷ್ಟರಲ್ಲಿ ಸುಮಾರು 80,000 ಜನ ಸತ್ತಿದ್ದರು ಎಂಬುದು ಅಂದಾಜು.

ಇಷ್ಟೊಂದು ಸಾವು ಯಾಕೆ? ಒಣ ಸೀಮೆಯವರಿಗೆ ಮಲೇರಿಯಾ ಬಂದು ಬಂದು, ಅದನ್ನು ತಡೆದುಕೊಳ್ಳುವ ಶಕ್ತಿ ಅಷ್ಟಿಷ್ಟು ಬಂದಿತ್ತು. ಮಳೆ ಸೀಮೆಯವರಿಗೆ ಅದಿರಲಿಲ್ಲ. ಮೇಲಾಗಿ ಬರದಿಂದ ಬೆಳೆ ಹೋಗಿ, ಕೂಲಿ ಇಲ್ಲದೆ, ಬಡವರ ಹೊಟ್ಟೆ ಖಾಲಿಯಾಗಿತ್ತು.

1908ರ ಪಂಜಾಬಿನದು ಇನ್ನೊಂದು ಬಗೆ. ಅಲ್ಲಿ ಅತಿಯಾದ ಮಳೆಯ ಬೆನ್ನಿಗೇ ಮಲೇರಿಯಾ ಬಂದು ಲಕ್ಷಾಂತರ ಜನ ಸತ್ತರು. ಅದನ್ನು ಅಧ್ಯಯನ ಮಾಡಿದ ಕ್ರಿಸ್ಟೋಫರ್ಸ್ ಎಂಬ ವೈದ್ಯರು ಮಳೆಯ ಲೆಕ್ಕದ ಜೊತೆ ದವಸದ ಬೆಲೆಯನ್ನೂ ನೋಡಿದರು. ಮಳೆಯ ಜೊತೆ ಹಸಿವೂ ಸೇರಿದ್ದೇ ಸಾವು ಹೆಚ್ಚಲು ಕಾರಣ ಎಂದು ಅವರಿಗೆ ಕಂಡಿತು.

ಈ ಎರಡೂ ಕಥೆ ಹೇಳುವುದು ಒಂದೇ. ಎಷ್ಟು ಮಳೆ ಬಂತು ಅನ್ನುವುದಷ್ಟೇ ಮುಖ್ಯವಲ್ಲ. ನೀರು ಎಲ್ಲಿ ನಿಂತಿತು, ಜನ ಉಂಡಿದ್ದರೋ ಇಲ್ಲವೋ, ಅದೂ ಮುಖ್ಯ.

ಇದು ಇವತ್ತಿಗೂ ನಿಜ. ಬರ ಬಂದರೆ, ನಲ್ಲಿ ನೀರು ನಾಲ್ಕು ದಿನಕ್ಕೊಮ್ಮೆ ಬಂದರೆ, ನಾವು ಡ್ರಮ್ಮು, ತೊಟ್ಟಿ ತುಂಬಿಸಿಡುತ್ತೇವೆ. ಡೆಂಗಿ ಹರಡುವ ಈಡಿಸ್ ಸೊಳ್ಳೆಗೆ ಅದೇ ಮನೆ. ಅದರ ಮೊಟ್ಟೆ ನೀರಿಲ್ಲದೆಯೂ ತಿಂಗಳುಗಟ್ಟಲೆ ಬದುಕಿರುತ್ತದೆ. ಹಾಗಾಗಿ ನೀರು ಚೆಲ್ಲಿದರೆ ಸಾಲದು. ವಾರಕ್ಕೊಮ್ಮೆ ಒಳಗೋಡೆ ಉಜ್ಜಿ ತೊಳೆಯಬೇಕು, ಮುಚ್ಚಳ ಬಿಗಿಯಾಗಿರಬೇಕು. ಮಳೆ ಇಲ್ಲ, ಇನ್ನು ಜ್ವರದ ಭಯವಿಲ್ಲ ಎಂದು ಮಾತ್ರ ಕೂರಬೇಡಿ.