ಕಾಣದ್ದನ್ನು ಕೇಳಿಸುವ ಕಲೆ

ಚಲನಚಿತ್ರವು ಮಾತು ಕಲಿತ ಹೊಸದರಲ್ಲಿ ಧ್ವನಿಯೆಂದರೆ ಬಹುಮಟ್ಟಿಗೆ ಸಂಭಾಷಣೆಯೇ ಆಗಿತ್ತು. ಪಾತ್ರಗಳು ತುಟಿಯಾಡಿಸಿದಾಗ ಮಾತು ಕೇಳಿಸಿದರೆ ಜನ ಬೆರಗಾಗುತ್ತಿದ್ದ ಕಾಲವದು. ಕ್ಯಾಮೆರಾ ಬೇಕೆಂದೇ ತೋರಿಸದೆ ಬಿಟ್ಟದ್ದನ್ನು ಪ್ರೇಕ್ಷಕನ ಮನಸ್ಸಿನಲ್ಲಿ ಮೂಡಿಸುವ ಶಕ್ತಿ ಧ್ವನಿಗಿದೆಯೆಂದು ಕಾಣಿಸಿಕೊಟ್ಟ ಮೊದಲಿಗರಲ್ಲಿ ಜರ್ಮನಿಯಲ್ಲಿ ಚಿತ್ರ ನಿರ್ಮಿಸುತ್ತಿದ್ದ ಫ್ರಿಟ್ಜ್ ಲಾಂಗ್ ಪ್ರಮುಖನು. ಅವನ ಮೊದಲ ವಾಕ್ಚಿತ್ರ 'ಎಂ' 1931ರಲ್ಲಿ ತೆರೆಕಂಡಿತು.

ಬರ್ಲಿನ್ ನಗರದಲ್ಲಿ ಮಕ್ಕಳನ್ನು ಕೊಲ್ಲುವವನೊಬ್ಬ ಅಡಗಿದ್ದಾನೆ. ಎಲ್ಸಿ ಎಂಬ ಬಾಲಕಿ ಶಾಲೆಯಿಂದ ಮರಳುವ ಹೊತ್ತು. ತಾಯಿ ಊಟಕ್ಕೆ ಅಣಿಮಾಡಿ ಕಾದಿದ್ದಾಳೆ. ಗಡಿಯಾರ ಮುಂದೆ ಸರಿಯುತ್ತದೆ, ಮಗಳು ಬರುವುದಿಲ್ಲ. ತಾಯಿ ಹೆಸರು ಹಿಡಿದು ಕೂಗುತ್ತಾಳೆ. ಆ ಕೂಗು ಕೇಳುತ್ತಿರುವಾಗ ಕ್ಯಾಮೆರಾ ತೋರಿಸುವುದು ಬರಿದಾದ ಮೆಟ್ಟಿಲುಗಳನ್ನು, ಬಟ್ಟೆ ಒಣಹಾಕಿದ ನಿರ್ಜನ ಅಟ್ಟವನ್ನು, ಯಾರೂ ಮುಟ್ಟದ ಊಟದ ತಟ್ಟೆಯನ್ನು. ಬಳಿಕ ಪೊದೆಯೊಳಗಿಂದ ಅವಳ ಚೆಂಡು ಉರುಳಿಬಂದು ನಿಲ್ಲುತ್ತದೆ. ಅವಳ ಬಲೂನು ತಂತಿಗಳಿಗೆ ಸಿಕ್ಕಿ ತೂಗಾಡುತ್ತದೆ. ಕೊಲೆಯನ್ನು ನಾವು ಕಾಣುವುದೇ ಇಲ್ಲ. ಹಾಗಿದ್ದೂ ನಡೆದದ್ದೇನೆಂದು ತಿಳಿಯದೆ ಉಳಿಯುವವರಿಲ್ಲ.

ಕೊಲೆಗಾರನ ಮುಖ ಸರಿಯಾಗಿ ಕಾಣುವ ಮೊದಲೇ ಅವನ ಸಿಳ್ಳು ನಮಗೆ ಪರಿಚಿತವಾಗುತ್ತದೆ. ನಾರ್ವೆಯ ಸಂಗೀತಗಾರ ಗ್ರೀಗ್‌ನ ಒಂದು ರಾಗಸಂಯೋಜನೆಯದು. ಊರೆಲ್ಲ ಹುಡುಕುತ್ತಿದ್ದ ಆತನನ್ನು ಬೀದಿಯಲ್ಲಿ ಗುರುತಿಸುವವನು ಬಲೂನು ಮಾರುವ ಕುರುಡ. ಅವನಿಗೆ ಆ ಸಿಳ್ಳೇ ಸಾಕ್ಷಿ. ಇತ್ತ, ಕಾಣದ ಶತ್ರುವಿನ ಭಯಕ್ಕೆ ಒಳಗಾದ ಕಣ್ಣುಳ್ಳ ಜನ ಒಬ್ಬರನ್ನೊಬ್ಬರು ಶಂಕಿಸಿ, ನಿರಪರಾಧಿಯೊಬ್ಬನನ್ನು ಬೀದಿಯಲ್ಲೇ ಮುತ್ತುತ್ತಾರೆ. ಆತಂಕವು ಮನುಷ್ಯನನ್ನು ಎಲ್ಲಿಗೆ ಒಯ್ಯಬಲ್ಲದೆಂಬ ಎಚ್ಚರಿಕೆಯೂ ಈ ಚಿತ್ರದಲ್ಲಿದೆ. 1934ರಲ್ಲಿ ನಾಜಿ ಆಡಳಿತ ಇದನ್ನು ನಿಷೇಧಿಸಿತು.

ಆಲ್ಫ್ರೆಡ್ ಹಿಚ್‌ಕಾಕ್ ಈ ಪಾಠವನ್ನು ಇನ್ನೊಂದು ದಿಕ್ಕಿಗೆ ಬೆಳೆಸಿದನು. 1960ರ 'ಸೈಕೋ' ಚಿತ್ರದಲ್ಲಿ ಬರ್ನಾರ್ಡ್ ಹರ್ಮನ್ ಕೇವಲ ತಂತಿವಾದ್ಯಗಳಿಂದ ಚೀರುವ ಸಂಗೀತ ಹೊಮ್ಮಿಸಿದ್ದನು. 1963ರ 'ದಿ ಬರ್ಡ್ಸ್' ಚಿತ್ರದಲ್ಲಾದರೋ ಹಿನ್ನೆಲೆ ಸಂಗೀತವನ್ನೇ ಕೈಬಿಡಲಾಯಿತು. ನಾಯಕಿ ಶಾಲೆಯ ಹೊರಗೆ ಕುಳಿತಿದ್ದಾಳೆ. ಒಳಗಿನಿಂದ ಮಕ್ಕಳ ಹಾಡು ಕೇಳುತ್ತಿದೆ. ಅವಳ ಬೆನ್ನ ಹಿಂದೆ, ಆಟದ ಕಂಬಿಗಳ ಮೇಲೆ ಒಂದು ಕಾಗೆ ಕೂರುತ್ತದೆ, ಮತ್ತೆ ಕೆಲವು. ಅನಂತರ ಕ್ಯಾಮೆರಾ ಅವಳ ಮುಖದ ಮೇಲೆಯೇ ನಿಂತುಬಿಡುತ್ತದೆ. ಅವಳು ಹಾರುವ ಕಾಗೆಯೊಂದನ್ನು ಕಂಡು ತಿರುಗುವಷ್ಟರಲ್ಲಿ ಕಂಬಿಗಳೆಲ್ಲ ಕಪ್ಪಾಗಿವೆ. ಒಳಗೆ ಮಕ್ಕಳು ಏನೂ ಅರಿಯದೆ ಹಾಡುತ್ತಲೇ ಇದ್ದಾರೆ. ಆ ಮುಗ್ಧ ಹಾಡಿಗಿಂತ ಭಯಂಕರವಾದ ವಾದ್ಯಸಂಗೀತ ಅಲ್ಲಿ ಸಾಧ್ಯವಿರಲಿಲ್ಲ.

1975ರ 'ಜಾಸ್' ಚಿತ್ರೀಕರಣದಲ್ಲಿ ಯಾಂತ್ರಿಕ ಶಾರ್ಕ್ ಸಮುದ್ರದ ಉಪ್ಪುನೀರಿನಲ್ಲಿ ಪದೇಪದೇ ಕೆಟ್ಟಿತು. ಸ್ಟೀವನ್ ಸ್ಪಿಲ್‌ಬರ್ಗ್ ಅದನ್ನು ಆದಷ್ಟು ಮರೆಯಲ್ಲಿರಿಸಿ, ಕ್ಯಾಮೆರಾವನ್ನೇ ನೀರಿನಡಿಯ ಶಾರ್ಕ್‌ನ ಕಣ್ಣಾಗಿಸಿದನು. ಜಾನ್ ವಿಲಿಯಮ್ಸ್‌ನ ಎರಡು ಸ್ವರಗಳು ಅದರ ಬರವನ್ನು ಸಾರಿದವು. ಇಲ್ಲೊಂದು ಸೂಕ್ಷ್ಮವಿದೆ. ಇಬ್ಬರು ಹುಡುಗರು ಕೃತಕ ರೆಕ್ಕೆ ಹಿಡಿದು ಜನರನ್ನು ಹೆದರಿಸುವಾಗ ಆ ಸ್ವರಗಳು ಕೇಳುವುದಿಲ್ಲ. ಸಂಗೀತ ಸುಳ್ಳು ಹೇಳದೆಂದು ನಾವು ನಂಬುತ್ತೇವೆ. ಮುಂದೆ ದೋಣಿಯ ಪಕ್ಕದಲ್ಲಿ ಶಾರ್ಕ್ ನಿಶ್ಶಬ್ದವಾಗಿ ಮೇಲೆದ್ದಾಗ ಆ ನಂಬಿಕೆಯೇ ನಮ್ಮನ್ನು ನಡುಗಿಸುತ್ತದೆ.

ಒಮ್ಮೆಗೇ ದೊಡ್ಡ ಸದ್ದು ಮಾಡಿ ಬೆಚ್ಚಿಬೀಳಿಸುವುದು ಸುಲಭ. ಅದು ಕ್ಷಣದಲ್ಲಿ ಮಾಯವಾಗುತ್ತದೆ. ಪ್ರೇಕ್ಷಕನಿಗೆ ಅರ್ಧ ತಿಳಿಸಿ, ಉಳಿದರ್ಧವನ್ನು ಅವನ ಕಲ್ಪನೆಗೆ ಒಪ್ಪಿಸುವುದು ಕಷ್ಟ. ಆಸಕ್ತರು ಈ ದೃಶ್ಯಗಳನ್ನು ಒಮ್ಮೆ ಧ್ವನಿ ನಿಲ್ಲಿಸಿ ನೋಡಲಿ, ಮತ್ತೊಮ್ಮೆ ಕಣ್ಣು ಮುಚ್ಚಿ ಕೇಳಲಿ. ಕಣ್ಣು ಕಿವಿಗಳು ಎಷ್ಟೆಷ್ಟು ದುಡಿದಿವೆಯೆಂಬುದು ತಾನಾಗಿಯೇ ತಿಳಿಯುತ್ತದೆ.