ಮುಕ್ತ ಸಂಶೋಧನಾ ಭಂಡಾರಗಳಲ್ಲಿ ಕನ್ನಡ: ಕರ್ಕಿಯಿಂದ ಒಂದು ಚಾರಿತ್ರಿಕ ಅವಲೋಕನ

ಹೊನ್ನಾವರ ತಾಲೂಕಿನ ಕರ್ಕಿಯ ಸುತ್ತಲಿನ ಸೀಮೆಯಲ್ಲಿ ಹವ್ಯಕ ಕನ್ನಡ, ಹಾಲಕ್ಕಿ ಕನ್ನಡ ಮತ್ತು ಕೊಂಕಣಿಗಳು ನೆರೆಹೊರೆಯ ನುಡಿಗಳು. ಇವುಗಳಲ್ಲಿ ಹಾಲಕ್ಕಿ ಕನ್ನಡವನ್ನು ಕುರಿತ ಎ. ಎಸ್. ಆಚಾರ್ಯ ಅವರ ವಿವರಣಾತ್ಮಕ ಅಧ್ಯಯನವನ್ನು 1967ರಲ್ಲಿ ಪುಣೆಯ ಡೆಕ್ಕನ್ ಕಾಲೇಜು ಇಂಗ್ಲಿಷಿನಲ್ಲಿ ಪ್ರಕಟಿಸಿತು. ಹೀಗೆ ಕರಾವಳಿಯ ನುಡಿ ದೂರದ ಗ್ರಂಥಾಲಯಗಳ ಸ್ವತ್ತಾಯಿತು. ಇಂಥ ಅಂತರವನ್ನು ವಿಶ್ವವಿದ್ಯಾನಿಲಯಗಳ ಮುಕ್ತ ಭಂಡಾರಗಳು ಎಷ್ಟರ ಮಟ್ಟಿಗೆ ನೀಗಿಸಿವೆ ಎಂಬುದೇ ಪ್ರಸ್ತುತ ಲೇಖನದ ಪ್ರಶ್ನೆ.

ಕರ್ನಾಟಕದಲ್ಲಿ ಈ ಚರಿತ್ರೆ ಬೇಗನೆ ಆರಂಭವಾಯಿತು. 2000ದ ಹೊತ್ತಿಗೆ ಮೈಸೂರು ವಿಶ್ವವಿದ್ಯಾನಿಲಯದ ಗ್ರಂಥಾಲಯ ಮತ್ತು ಮಾಹಿತಿ ವಿಜ್ಞಾನ ವಿಭಾಗವು ಶಾಲಿನಿ ಅರಸ್ ಅವರ ನೇತೃತ್ವದಲ್ಲಿ ‘ವಿದ್ಯಾನಿಧಿ’ ಎಂಬ ಪ್ರಬಂಧಗಳ ಡಿಜಿಟಲ್ ಭಂಡಾರವನ್ನು ಕೈಗೆತ್ತಿಕೊಂಡಿತು. ಬುಡಾಪೆಸ್ಟ್ ಘೋಷಣೆ ಹೊರಬಿದ್ದ 2002ರಲ್ಲಿಯೇ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಟಿ. ಬಿ. ರಾಜಶೇಖರ್ ಅವರ ಶ್ರಮದಿಂದ ಸಾಂಸ್ಥಿಕ ಭಂಡಾರವೊಂದು ತೆರೆಯಿತು. ಅದಕ್ಕೆ ಆಧಾರವಾದ ಇಪ್ರಿಂಟ್ಸ್ ತಂತ್ರಾಂಶವನ್ನು ಸೌತಾಂಪ್ಟನ್ ವಿಶ್ವವಿದ್ಯಾನಿಲಯ ಉಚಿತವಾಗಿ ಒದಗಿಸಿತ್ತು. ದುಬಾರಿ ನಿಯತಕಾಲಿಕಗಳಿಗೆ ಚಂದಾ ಕಟ್ಟಲಾರದ ದೇಶಗಳಿಗೆ ಇದೊಂದು ದಾರಿಯಾಯಿತು. ವಿಶ್ವವಿದ್ಯಾನಿಲಯ ಅನುದಾನ ಆಯೋಗದ 2009ರ ನಿಯಮಾವಳಿಯು ಪಿಎಚ್.ಡಿ. ಪ್ರಬಂಧಗಳ ವಿದ್ಯುನ್ಮಾನ ಪ್ರತಿಯನ್ನು ಕಡ್ಡಾಯಗೊಳಿಸಿತು. ಇನ್‌ಫ್ಲಿಬ್‌ನೆಟ್ ಕೇಂದ್ರದ ‘ಶೋಧಗಂಗಾ’ ಇದರ ಬೆನ್ನಿಗೆ ಬೆಳೆಯಿತು.

ಈ ಮೂರು ಪ್ರಯತ್ನಗಳ ನಡುವಿನ ಒಂದು ಭೇದ ಭಾಷಾವಿಜ್ಞಾನಿಗಳಿಗೆ ಮುಖ್ಯ. ವಿಜ್ಞಾನ ಸಂಸ್ಥೆಯ ಲೇಖನಗಳು ಇಂಗ್ಲಿಷಿನವಾದುದರಿಂದ ಅಲ್ಲಿ ಲಿಪಿಯ ಪ್ರಶ್ನೆ ಏಳಲಿಲ್ಲ. ವಿದ್ಯಾನಿಧಿಯು ಮಾತ್ರ ಕನ್ನಡ, ಹಿಂದಿ ಪ್ರಬಂಧಗಳ ವಿವರಗಳನ್ನು ಯೂನಿಕೋಡ್ ಬಳಸಿ ಆಯಾ ಲಿಪಿಯಲ್ಲಿಯೇ ದಾಖಲಿಸುವ ಪ್ರಯೋಗಕ್ಕೆ ತೊಡಗಿತು. 2009ರ ನಿಯಮ ಪ್ರಬಂಧ ಸಲ್ಲಿಕೆಯನ್ನು ಖಚಿತಪಡಿಸಿತಾದರೂ ಲಿಪಿಯ ಸಮಸ್ಯೆಯನ್ನು ಬಗೆಹರಿಸಲಿಲ್ಲ.

ಕಡತ ದೊರೆಯುವುದು ಬೇರೆ, ಅದರೊಳಗಿನ ಪದ ದೊರೆಯುವುದು ಬೇರೆ. 1991ರಲ್ಲಿಯೇ ಯೂನಿಕೋಡಿನಲ್ಲಿ ಕನ್ನಡಕ್ಕೆ ಸ್ಥಾನ ದೊರೆತಿದ್ದರೂ ಕನ್ನಡ ಪ್ರಬಂಧಗಳು ಬಹುಕಾಲ ನುಡಿ, ಬರಹಗಳ ಹಳೆಯ ಫಾಂಟುಗಳಲ್ಲಿ ಸಿದ್ಧವಾದವು. ಕಣ್ಣಿಗೆ ಕನ್ನಡವಾಗಿ ಕಾಣುವ ಅಂಥ ಪುಟದ ಒಳಸಂಕೇತ ರೋಮನ್ ಅಕ್ಷರಗಳದು. ಸ್ಕ್ಯಾನ್ ಮಾಡಿದ ಪುಟವಂತೂ ಬರಿಯ ಚಿತ್ರ. ಶೀರ್ಷಿಕೆಯನ್ನು ಸಾದಾ ರೋಮನ್‌ನಲ್ಲಿ ಬರೆದಾಗ ‘ಲ’-‘ಳ’, ‘ನ’-‘ಣ’ ಭೇದಗಳು ಅಳಿಯುತ್ತವೆ. ರೋಮನ್ ಲಿಪಿಯಲ್ಲಿ ‘ಕರ್ಕಿ’ ಎಂದು ಹುಡುಕಿದವರಿಗೆ ನೇಪಾಳದ ಕುಲನಾಮವೂ ಎದುರಾಗುತ್ತದೆ.

ಇದರ ನಷ್ಟ ಇಬ್ಬರಿಗೆ. ಹಿಂದಿನ ಕ್ಷೇತ್ರಕಾರ್ಯ ಕಣ್ಣಿಗೆ ಬೀಳದೆ ಸಂಶೋಧಕ ಅದೇ ಪದಪಟ್ಟಿಯನ್ನು ಮತ್ತೆ ಸಂಗ್ರಹಿಸುತ್ತಾನೆ. ತನ್ನ ಅಜ್ಜಿಯ ಮಾತು ಯಾವ ಪ್ರಬಂಧದಲ್ಲಿ ಉಳಿದಿದೆಯೆಂದು ಅರಸುವ ಕರ್ಕಿಯ ಯುವತಿ ಬರಿಗೈಯಲ್ಲಿ ಹಿಂದಿರುಗುತ್ತಾಳೆ. ಮಾತು ಕೊಟ್ಟ ಊರಿಗೆ ಆ ಮಾತಿನ ಅಧ್ಯಯನ ತಲುಪದಿದ್ದರೆ ‘ಮುಕ್ತ’ ಎಂಬ ವಿಶೇಷಣ ಅರೆಯಾಗಿಯೇ ಉಳಿಯುತ್ತದೆ.

ಪರಿಹಾರಕ್ಕೆ ಹೊಸ ಸಂಸ್ಥೆಯೇನೂ ಬೇಡ. ಯೂನಿಕೋಡ್ ಪಠ್ಯ, ಕನ್ನಡ ಲಿಪಿಯ ಶೀರ್ಷಿಕೆ ಹಾಗೂ ಸಾರಾಂಶ, ಅಧ್ಯಯನಗೊಂಡ ಉಪಭಾಷೆ ಮತ್ತು ಪ್ರದೇಶದ ಸ್ಪಷ್ಟ ನಮೂದು, ಇವಿಷ್ಟನ್ನು ಸಲ್ಲಿಕೆಯ ಷರತ್ತಾಗಿಸುವುದು ನಮ್ಮ ವಿಭಾಗಗಳಿಗೆ ಸಾಧ್ಯ. ಮೈಸೂರಿನಲ್ಲಿ ಎರಡು ದಶಕಗಳ ಹಿಂದೆಯೇ ತೊಡಗಿದ ಕೆಲಸವನ್ನು ಪೂರ್ಣಗೊಳಿಸುವ ಹೊಣೆ ಈಗ ಪ್ರಬಂಧ ಬರೆಯುವವರದೂ ಬರೆಸುವವರದೂ ಆಗಿದೆ.