ಪ್ಲೇಗಿನ ಗುಡಿಸಲಿನಿಂದ ಕೊರೋನಾ ಬಾಗಿಲವರೆಗೆ: ನಮ್ಮ ಎಳ್ಳಿನ ಕಥೆ

ಈ ಸಲ ಎಳ್ಳು ಬೀರೋಕೆ ಯಾರ್ಯಾರ ಮನೆಗೆ ಹೋಗಬೇಕು ಅಂತ ಲೆಕ್ಕ ಹಾಕ್ತಾ ಇರೋ ಅಕ್ಕ-ತಂಗೇರೆಲ್ಲ, ಕೊಬ್ಬರಿ ಹೆಚ್ಚೋದನ್ನ ಒಂದು ಗಳಿಗೆ ಬದಿಗಿಟ್ಟು ಇದನ್ನ ಓದ್ರಿ. ಆ ಲೆಕ್ಕದ ಬಗ್ಗೇನೇ ಬರೀತಿದೀನಿ. ಕೊರೋನಾ ವರ್ಷಗಳಲ್ಲಿ ನಮ್ಮ ಸಂಕ್ರಾಂತಿ ಹೆಂಗೆ ಬದಲಾಯ್ತು ಅನ್ನೋದು ಎಲ್ಲರಿಗೂ ನೆನಪೈತೆ. ಆದ್ರೆ ಹಿಂಗಾಗಿದ್ದು ಅದೇ ಮೊದಲಲ್ಲ. ನಮ್ಮ ಅಜ್ಜಿಯರ ಅತ್ತೆಯರ ಕಾಲದಲ್ಲೂ ಊರಿಗೆ ರೋಗ ಬಂದಿತ್ತು, ಹಬ್ಬ ಆಗಲೂ ಜಾಗ ಬದಲಾಯಿಸಿತ್ತು.

ನಮ್ಮ ಕಡೆ ಸಂಕ್ರಾಂತಿಗೆ ಎರಡು ಭಾಗ ಅದಾವು. ಒಂದು ಹೊರಗಿನದು, ಇನ್ನೊಂದು ಬಾಗಿಲಿನದು. ಹೊರಗಿನದು ಅಂದ್ರೆ ಬುತ್ತಿ ಕಟ್ಕೊಂಡು ನೀರಿರೋ ಕಡೆ ಹೋಗೋದು. ಹೊನ್ನಾಳಿ, ಹರಿಹರದೋರು ತುಂಗಭದ್ರೆಗೆ ಹೋಗ್ತಾರೆ. ಕೆಲವರು ತುಂಗೆ-ಭದ್ರೆ ಸೇರೋ ಕೂಡ್ಲಿವರೆಗೂ ಹೋಗಿ ಬರ್ತಾರೆ. ಚನ್ನಗಿರಿ ತಾಲ್ಲೂಕಿನ ನಮಗೆಲ್ಲ ಸೂಳೆಕೆರೆ ಐತೆ. ಸರ್ಕಾರಿ ಕಾಗದದಲ್ಲಿ ಶಾಂತಿಸಾಗರ. ಸುಮಾರು 6,500 ಎಕರೆ ನೀರು, ಕಟ್ಟಿಸಿದ್ದು ಶಾಂತವ್ವ ಅನ್ನೋ ಹೆಣ್ಣುಮಗಳು ಅಂತ ಕಥೆ. ಅಲ್ಲಿಂದ ಹೊರಟ ಹರಿದ್ರಾ ಹರಿಹರದ ಹತ್ರ ತುಂಗಭದ್ರೆ ಸೇರ್ತಾಳೆ. ಹಂಗಾಗಿ ಕೆರೆಗೆ ಹೋದೋರೂ ಹೊಳೆಗೆ ಹೋದೋರೂ ಮಿಂದಿದ್ದು ಒಂದೇ ನೀರಲ್ಲಿ ಅನ್ನಬಹುದು.

ಬುತ್ತಿ ಒಳಗೆ ಏನಿರ್ತೈತೆ ಅಂತ ನಿಮಗೆ ಹೇಳಬೇಕಾ? ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಜೋಳದ ರೊಟ್ಟಿ, ಎಣ್ಣೆಗಾಯಿ, ಅವರೆಕಾಳು ಪಲ್ಯ, ಶೇಂಗಾ ಚಟ್ನಿ, ಮೊಸರು ಬುತ್ತಿ, ಮೇಲೊಂದು ಶೇಂಗಾ ಹೋಳಿಗೆ. ಮೈ ಬಿರಿಯೋ ಚಳಿಗೆ ಎಣ್ಣೆ ಅಂಶ ಇರೋ ಎಳ್ಳು, ಶೇಂಗಾ ಬೇಕು. ಅವರೆ ಸುಗ್ಗಿನೂ ಅದೇ ಹೊತ್ತಿಗೆ. ಹಿರಿಯರು ಊಟದ ಲೆಕ್ಕವನ್ನ ಹಬ್ಬದ ಹೆಸರಲ್ಲಿ ಕಟ್ಟಿಟ್ಟಿದ್ರು.

ಬಾಗಿಲಿನ ಭಾಗ ಅಂದ್ರೆ ಎಳ್ಳು ಬೀರೋದು. ಎಳ್ಳು, ಬೆಲ್ಲ, ಕೊಬ್ಬರಿ, ಶೇಂಗಾ, ಪುಟಾಣಿ ಕಲಸಿ, ತಟ್ಟೆಯೊಳಗೆ ಬಾಳೆಹಣ್ಣು, ಕಬ್ಬಿನ ತುಂಡು, ಸಕ್ಕರೆ ಅಚ್ಚು ಇಟ್ಕೊಂಡು ಮನೆ ಮನೆಗೆ ಹೋಗೋದು. ಎಳ್ಳು ತಿಂದು ಒಳ್ಳೇ ಮಾತಾಡೋಣ ಅನ್ನೋದು. ಎಷ್ಟು ಚಂದದ ಮಾತು! ಆದ್ರೆ ಆ ತಟ್ಟೆಯೊಳಗೆ ಅರಿಷಿಣ-ಕುಂಕುಮದ ಭರಣಿನೂ ಇರ್ತೈತೆ. ಅದು ಎಲ್ಲರ ಮನೆ ಬಾಗಿಲು ದಾಟಲ್ಲ. ಮುತ್ತೈದೆಯರ ಮನೆ ಲೆಕ್ಕ ಬೇರೆ, ಗಂಡನ್ನ ಕಳ್ಕೊಂಡೋರ ಮನೆ ಲೆಕ್ಕ ಬೇರೆ. ಎಳ್ಳು ಕೊಟ್ರೂ ಮಕ್ಕಳ ಕೈಲಿ ಕೊಟ್ಟು ಕಳಿಸೋದು, ಇಲ್ಲಾ ಸಂಜೆ ಹಿತ್ತಲ ಕಡೆಯಿಂದ ಕೊಡೋದು. ಕೆಲವು ಮನೆಗೆ ಅದೂ ಇಲ್ಲ. "ಮೊದಲಿಂದ ಬಂದ ಪದ್ಧತಿ, ಬದಲಾಯಿಸಬಾರದು" ಅಂತ ಅಂದು ಮುಗಿಸ್ತಾರೆ.

ಹಬ್ಬ ಬದಲಾಗಲ್ಲ ಅನ್ನೋದು ನಿಜಾನಾ? ಮೊದಲು ತಾರೀಕನ್ನೇ ನೋಡ್ರಿ. ವಿವೇಕಾನಂದರು ಹುಟ್ಟಿದ್ದು 1863ರ ಜನವರಿ 12, ಅವತ್ತು ಸಂಕ್ರಾಂತಿ. ಈಗ ಸಂಕ್ರಾಂತಿ ಬೀಳೋದು 14ಕ್ಕೆ ಇಲ್ಲಾ 15ಕ್ಕೆ. ನಮ್ಮ ಪಂಚಾಂಗದ ವರ್ಷ ಇಂಗ್ಲಿಷ್ ಕ್ಯಾಲೆಂಡರಿನ ವರ್ಷಕ್ಕಿಂತ ಒಂಚೂರು ಉದ್ದ, ಅದಕ್ಕೇ ಸುಮಾರು ಎಪ್ಪತ್ತು ವರ್ಷಕ್ಕೊಮ್ಮೆ ಹಬ್ಬ ಒಂದೊಂದು ದಿನ ಮುಂದೆ ಜರುಗ್ತೈತೆ. ತಾರೀಕೇ ನಡೆದಾಡ್ತಿರೋವಾಗ ಪದ್ಧತಿ ಕಲ್ಲಲ್ಲಿ ಕೂತಿರ್ತೈತಾ?

ಈಗ ಪ್ಲೇಗಿನ ವಿಷಯಕ್ಕೆ ಬರ್ತೀನಿ. 1896ರಲ್ಲಿ ಮುಂಬೈಗೆ ಬಂದ ಪ್ಲೇಗು 1898ರ ಹೊತ್ತಿಗೆ ಹುಬ್ಬಳ್ಳಿ ಕಡೆ ಹಬ್ಬಿ, ಅದೇ ವರ್ಷ ಆಗಸ್ಟ್‌ನಲ್ಲಿ ಬೆಂಗಳೂರು ಮುಟ್ಟಿತು. ಹುಬ್ಬಳ್ಳಿಯಿಂದ ಬೆಂಗಳೂರಿಗೆ ಹೋಗೋ ರೈಲು ಹಾದಿಯಲ್ಲೇ ನಮ್ಮ ಹರಿಹರ, ದಾವಣಗೆರೆ ಇರೋದು. ಆಗ ಚನ್ನಗಿರಿ, ಹೊನ್ನಾಳಿ ಶಿವಮೊಗ್ಗ ಜಿಲ್ಲೆಗೆ ಸೇರಿದ್ವು, ದಾವಣಗೆರೆ ಚಿತ್ರದುರ್ಗಕ್ಕೆ. ನಮ್ಮ ಈಗಿನ ಜಿಲ್ಲೆ ಆಗಿದ್ದು 1997ರಲ್ಲಿ. ಪ್ಲೇಗು ಒಂದು ವರ್ಷಕ್ಕೆ ಮುಗಿಯೋ ರೋಗ ಆಗಿರಲಿಲ್ಲ. ಬಿಸಿಲು ಏರಿದಾಗ ತಗ್ಗಿ, ತಂಪುಗಾಲಕ್ಕೆ ಮತ್ತೆ ಏಳ್ತಿತ್ತು. ಹಬ್ಬದ ಕಾಲ, ಪ್ಲೇಗಿನ ಕಾಲ ಎರಡೂ ಕೂಡಿ ಬರ್ತಿದ್ವು.

ಮನೆಯೊಳಗೆ ಇಲಿ ಸತ್ತು ಬಿದ್ರೆ ಊರು ಬಿಡಬೇಕು. ಜನ ಕಾಳು, ಪಾತ್ರೆ, ದನ-ಕರು ಕಟ್ಕೊಂಡು ಹೊಲದಲ್ಲಿ ಗುಡಿಸಲು ಹಾಕ್ಕೊಂಡು ತಿಂಗಳುಗಟ್ಟಲೆ ಇರ್ತಿದ್ರು. 'ಸಂಸ್ಕಾರ' ಕಾದಂಬರಿ ಓದಿದೋರಿಗೆ, ಸಿನಿಮಾ ನೋಡಿದೋರಿಗೆ ಗೊತ್ತು. ಶಿವಮೊಗ್ಗಕ್ಕೆ ಹೋಗಿ ಬಂದ ನಾರಣಪ್ಪ ಜ್ವರದಿಂದ ಸಾಯ್ತಾನೆ, ಆಮೇಲೆ ಅಗ್ರಹಾರದಲ್ಲಿ ಇಲಿ ಬೀಳೋಕೆ ಶುರುವಾಗ್ತೈತೆ. ಅನಂತಮೂರ್ತಿಯವರು ಅದನ್ನ 1965ರಲ್ಲಿ ಬರೆದ್ರೂ ಆ ಭಯ ನಮ್ಮ ಸೀಮೆಯ ಹಳೇ ಮನೆಗಳಲ್ಲಿ ಇನ್ನೂ ಬದುಕಿತ್ತು.

ನಮ್ಮ ಅಜ್ಜಿ ಅವರ ಅತ್ತೆ ಬಾಯಿಂದ ಕೇಳಿ ನಮಗೆ ಹೇಳ್ತಿದ್ದಿದ್ದು ಇಷ್ಟು. ಹೊಲದಲ್ಲಿ ಇದ್ದಾಗ ಹಬ್ಬ ತಪ್ಪಿಸಲಿಲ್ಲ. ನೀರಿಗೆ ಹೋಗೋ ಬದಲು ಬಾವಿ ನೀರು ಸೇದಿ, ಮಕ್ಕಳ ಮೈಗೆ ಎಳ್ಳು ಅರೆದು ಹಚ್ಚಿ ಎರೀತಿದ್ರಂತೆ. ಸಕ್ಕರೆ ಅಚ್ಚು ಎಲ್ಲಿಂದ ಬರಬೇಕು, ಬೆಲ್ಲ-ಎಳ್ಳು ಅಷ್ಟೇ. ಗುಡಿಸಲಿಗೆ ಹೊಸ್ತಿಲೂ ಇಲ್ಲ, ನಡುಮನೆ-ಅಡುಗೆಮನೆ ಅನ್ನೋ ಭೇದನೂ ಇಲ್ಲ. ಎಲ್ಲಾ ಹೆಂಗಸರೂ ಒಂದೇ ಸುತ್ತು ಕೂತು ಉಣ್ತಿದ್ರು. ಆ ಸುತ್ತಿನೊಳಗೆ ಪ್ಲೇಗಿಗೆ ಗಂಡನ್ನ ಕಳ್ಕೊಂಡ ಚಿಕ್ಕ ವಯಸ್ಸಿನ ವಾರಗಿತ್ತಿನೂ ಇದ್ಲು, ಅವಳ ಕೈಗೂ ಎಳ್ಳು ಬಿತ್ತು. ಆದ್ರೆ ರೋಗ ಇಳಿದು ಊರೊಳಗಿನ ಮನೆಗೆ ತಿರುಗಿ ಬಂದ ಮೇಲೆ ಅವಳು ಮತ್ತೆ ಅಡುಗೆಮನೆ ಸೇರಿದ್ಲು. ಅಜ್ಜಿ ಈ ಕಥೆನ ಯಾವಾಗಲೂ ಅಲ್ಲಿಗೇ ನಿಲ್ಲಿಸ್ತಿದ್ಲು, ಮುಂದೆ ಏನೂ ಹೇಳ್ತಿರಲಿಲ್ಲ.

ಆ ಕಾಲದಲ್ಲಿ ಅಂಥ ಹುಡುಗೇರು ಎಷ್ಟು ಮಂದಿ ಇದ್ರು ಅಂತ ಯೋಚನೆ ಮಾಡ್ರಿ. ಎಂಟು ವರ್ಷದೊಳಗಿನ ಹೆಣ್ಣುಮಕ್ಕಳ ಮದುವೆ ಮಾಡಬಾರದು ಅಂತ ಮೈಸೂರು ಸರ್ಕಾರ ಕಾಯ್ದೆ ತಂದಿದ್ದೇ 1894ರಲ್ಲಿ, ಪ್ಲೇಗು ಬರೋಕೆ ನಾಲ್ಕು ವರ್ಷ ಮುಂಚೆ. ಎಂಟು ತುಂಬಿದೋರ ಮದುವೆ ಆಮೇಲೂ ನಡೀತಾನೇ ಇದ್ವು.

ಪ್ಲೇಗಿನ ಮೇಲೆ 1918ರ ಇನ್‌ಫ್ಲುಯೆಂಜಾ ಬಂತು. ಜೂನ್ ಹೊತ್ತಿಗೆ ಮುಂಬೈಗೆ ಹಡಗಿನಲ್ಲಿ ಬಂದು, ಮಳೆಗಾಲ ಮುಗಿಯೋ ಹೊತ್ತಿಗೆ ದೇಶನೆಲ್ಲ ಮಲಗಿಸಿಬಿಡ್ತು. ಆ ವರ್ಷ ಮಳೆನೂ ಕೈಕೊಟ್ಟಿತ್ತು, ಕಾಳಿನ ಬೆಲೆ ಏರಿತ್ತು. ಇಂಡಿಯಾದಲ್ಲಿ ಸತ್ತೋರು ಒಂದು ಕೋಟಿಗೂ ಮೇಲೆ. 1911ರಿಂದ 1921ರವರೆಗಿನ ಹತ್ತು ವರ್ಷದಲ್ಲಿ ದೇಶದ ಜನಸಂಖ್ಯೆ ಹೆಚ್ಚೋ ಬದಲು ಇಳೀತು. ಜನಗಣತಿ ಶುರುವಾದ ಮೇಲೆ ಹಂಗಾಗಿದ್ದು ಅದೊಂದೇ ಸಲ. ಆ ಜ್ವರಕ್ಕೆ ಗಂಡಸರಿಗಿಂತ ಹೆಂಗಸರೇ ಜಾಸ್ತಿ ಸತ್ರು. ಮಲಗಿದೋರ ಆರೈಕೆ ಮಾಡೋರೂ ಅವರೇ, ಎಲ್ಲರೂ ಉಂಡ ಮೇಲೆ ಉಳಿದಿದ್ದನ್ನ ಉಣ್ಣೋರೂ ಅವರೇ. ಇದು ನಮಗೆ ಯಾರೂ ಬಿಡಿಸಿ ಹೇಳಬೇಕಿಲ್ಲ.

ಇನ್ನು ನಾವೇ ಕಂಡಿದ್ದು. 2020ರ ಜನವರಿ 15ಕ್ಕೆ ಸಂಕ್ರಾಂತಿ ಎಂದಿನ ಹಂಗೇ ಆಯ್ತು. ಕೆರೆ ದಂಡೆ ತುಂಬ ಜನ. ಎರಡು ತಿಂಗಳೊಳಗೆ, ಮಾರ್ಚ್ 10ಕ್ಕೆ, ದೇಶದ ಮೊದಲ ಕೊರೋನಾ ಸಾವು ನಮ್ಮ ರಾಜ್ಯದ ಕಲಬುರಗಿಯಲ್ಲೇ ಆಯ್ತು. ಮಾರ್ಚ್ 25ರಿಂದ ಲಾಕ್‌ಡೌನ್. ಸೋಜಿಗ ಏನಂದ್ರೆ, ಆಗ ಸರ್ಕಾರದೋರು ಹಿಡಿದಿದ್ದು 1897ರ ಸಾಂಕ್ರಾಮಿಕ ರೋಗ ಕಾಯ್ದೆ, ಬ್ರಿಟಿಷರು ಪ್ಲೇಗಿಗೆ ಅಂತ ಮಾಡಿದ್ದೇ ಅದು. ಸೂಜಿ ಕಥೆನೂ ಹಂಗೇ. ಹಾಫ್‌ಕಿನ್ ಅನ್ನೋ ವಿಜ್ಞಾನಿ ಮುಂಬೈಯಲ್ಲಿ ಪ್ಲೇಗಿಗೆ ಲಸಿಕೆ ಮಾಡಿದ್ದು 1897ರಲ್ಲಿ. ಆಗಲೂ ಜನ ಸೂಜಿಗೆ ಹೆದರಿದ್ರು, ನಮ್ಮ ಕಾಲದಲ್ಲೂ ಹೆದರಿದ್ರು.

2021ರಲ್ಲಿ ಎಳ್ಳಮಾಸೆ ಜನವರಿ 13, ಸಂಕ್ರಾಂತಿ 14, ಎರಡೂ ಬೆನ್ನಿಗೆ ಬೆನ್ನು ಬಂದ್ವು. ಎಸ್ಸೆಸ್ಸೆಲ್ಸಿ, ಪಿಯುಸಿ ಮಕ್ಕಳಿಗೆ ಜನವರಿ 1ರಿಂದ ತರಗತಿ ಶುರುವಾಗಿತ್ತು. ಲಸಿಕೆ ಶುರುವಾಗಿದ್ದು ಹಬ್ಬ ಆಗಿ ಎರಡೇ ದಿನಕ್ಕೆ, 16ನೇ ತಾರೀಕು. ಮೊದಲು ಆಸ್ಪತ್ರೆಯೋರಿಗೆ, ಆಶಾ ಕಾರ್ಯಕರ್ತೆಯರಿಗೆ. ಆ ಸಲ ನಮ್ಮನೇಲಿ ಕೆರೆಗೆ ಹೋಗೋದು ಬೇಡ ಅಂತ ಬುತ್ತಿನ ತೋಟಕ್ಕೆ ಹೊತ್ವಿ. ಭದ್ರಾ ನಾಲೆ, ಬೋರ್‌ವೆಲ್ ಬಂದ ಮೇಲೆ ಜೋಳದ ಹೊಲ ಹೋಗಿ ಅಡಿಕೆ ಆಗೈತೆ, ಹಂಗಾಗಿ ಎಳ್ಳೂ ಅಂಗಡಿದು, ಜೋಳನೂ ಅಂಗಡಿದು. ಆದ್ರೂ ಅಡಿಕೆ ನೆರಳಲ್ಲಿ ಕೂತು ಉಂಡಾಗ, ಹಿರಿಯರು ಊರು ಬಿಟ್ಟು ಹೊಲದಲ್ಲಿ ಉಂಡ ಹಬ್ಬವೇ ತಿರುಗಿ ಬಂದಂಗೆ ಆಯ್ತು. ಬೆಂಗಳೂರಲ್ಲಿರೋ ಮಕ್ಕಳು ಫೋನಿನೊಳಗೆ ರೊಟ್ಟಿ ನೋಡಿದ್ರು. ಎಳ್ಳಿನ ಪೊಟ್ಟಣ ಅವರಿಗೆ ಕೊರಿಯರ್‌ನಲ್ಲಿ ಹೋಯ್ತು.

ಏಪ್ರಿಲ್ ಬಂತು, ಎರಡನೇ ಅಲೆ ಬಂತು. 27ರ ರಾತ್ರಿಯಿಂದ ಕರ್ಫ್ಯೂ, ಮೇ 10ರಿಂದ ಲಾಕ್‌ಡೌನ್. ಆ ಎರಡು ತಿಂಗಳ ವಿಷಯ ಜಾಸ್ತಿ ಬರೆಯೋಕೆ ಕೈ ಬರಲ್ಲ. ಮಣ್ಣಿಗೆ ಹೋಗೋಕಾಗಲಿಲ್ಲ, ಮಾತಾಡಿಸೋಕೂ ಆಗಲಿಲ್ಲ. ನಮ್ಮ ಓಣಿಯೊಳಗೇ ಮೂರು ಮನೆ ಯಜಮಾನರು ಹೋದ್ರು. ಮೂವರು ಹೆಣ್ಣುಮಕ್ಕಳಲ್ಲಿ ಒಬ್ಬಳಿಗೆ ಇನ್ನೂ ನಲವತ್ತು ತುಂಬಿರಲಿಲ್ಲ. ಹಿಂದಿನ ಸಂಕ್ರಾಂತಿಗೆ ನಮ್ಮನೆಗೆ ತಟ್ಟೆ ಹಿಡ್ಕೊಂಡು ಬಂದೋಳು ಅವಳು.

2022ರ ಸಂಕ್ರಾಂತಿಗೆ ಮೂರನೇ ಅಲೆ. ಡಿಸೆಂಬರ್ 28ರಿಂದ ರಾತ್ರಿ ಕರ್ಫ್ಯೂ, ಜನವರಿಯಲ್ಲಿ ಅದರ ಮೇಲೆ ವಾರಾಂತ್ಯದ ಕರ್ಫ್ಯೂ. ಶುಕ್ರವಾರ ರಾತ್ರಿ 10ರಿಂದ ಸೋಮವಾರ ಬೆಳಗ್ಗೆ 5ರವರೆಗೆ ಹೊರಗೆ ಸುಮ್ಮನೆ ಓಡಾಡೋ ಹಂಗಿಲ್ಲ. ಹಬ್ಬ ಬಂದಿದ್ದು ಅದೇ ಶುಕ್ರವಾರ-ಶನಿವಾರ. ಮನೆಯೊಳಗೆ ಹೋಗಿ ಕೂತು ಕುಂಕುಮ ಹಚ್ಚೋದು ಯಾರಿಗೂ ಬೇಡವಾಗಿತ್ತು. ಹಂಗಾಗಿ ಓಣಿಯ ನಾವು ನಾಲ್ಕೈದು ಜನ ಮಾತಾಡ್ಕೊಂಡು, ಎಳ್ಳಿನ ಪೊಟ್ಟಣ ಕಟ್ಟಿ, ಸಣ್ಣ ಬಟ್ಟೆ ಚೀಲದೊಳಗೆ ಹಾಕಿ, ಎಲ್ಲರ ಬಾಗಿಲ ಚಿಲಕಕ್ಕೆ ತೂಗಿ ಹಾಕಿ ಬಂದ್ವಿ. ಇನ್ನೊಬ್ಬರ ಹಣೆ ಮುಟ್ಟಬಾರದು ಅಂತ ಕುಂಕುಮ ಇಡಲೇ ಇಲ್ಲ. ಅದು ರೋಗದ ಭಯಕ್ಕೆ ಮಾಡಿದ ಕೆಲಸ, ದೊಡ್ಡ ಸುಧಾರಣೆ ಅಂತ ಏನೂ ಅಲ್ಲ. ಆದ್ರೆ ಚೀಲ ಎಲ್ಲಾ ಬಾಗಿಲಿಗೂ ಒಂದೇ ಥರ ಬಿತ್ತು. ಆ ಮೂರು ಬಾಗಿಲಿಗೂ ಬಿತ್ತು.

ವಾರ ಕಳೆದ ಮೇಲೆ ಆ ಹುಡುಗಿ ಖಾಲಿ ಚೀಲ ವಾಪಸ್ ಕೊಡೋಕೆ ಬಂದ್ಲು. ಒಳಗೆ ಎರಡು ಹಿಡಿ ಅವರೆಕಾಳು ಹಾಕಿದ್ಲು, ಬರಿಗೈಲಿ ಕೊಡಬಾರದು ಅಂತ. "ಅಕ್ಕಾ, ಈ ವರ್ಷ ನನ್ನ ಬಾಗಿಲು ಬಿಟ್ಟು ಹೋಗ್ತೀರೇನೋ ಅಂದ್ಕೊಂಡಿದ್ದೆ" ಅಂದ್ಲು. ನಾನೇನು ಹೇಳಲಿ? ಒಳಗೆ ಕರೆದು ಕೂರಿಸಿ ಚಾ ಕೊಟ್ಟೆ.

2023ಕ್ಕೆ ಎಲ್ಲಾ ತೆರೀತು. ಕೆರೆ ದಂಡೆ ಮತ್ತೆ ತುಂಬಿತು, ತಟ್ಟೆಗಳೂ ಹೊರಬಂದ್ವು, ಭರಣಿನೂ ಬಂತು. ಕೆಲವು ಬಾಗಿಲು ಬಿಟ್ಟು ಹೋಗೋ ಲೆಕ್ಕನೂ ಸದ್ದಿಲ್ಲದಂಗೆ ತಿರುಗಿ ಬಂತು. ಗುಡಿಸಲಿಂದ ಊರಿಗೆ ಬಂದ ಮೇಲೆ ಆ ವಾರಗಿತ್ತಿಗೆ ಆಗಿದ್ದೂ ಇದೇ ಅಲ್ವಾ? ಕಷ್ಟಕಾಲದಲ್ಲಿ ಎಲ್ಲರೂ ಒಂದೇ ಸುತ್ತು ಕೂರೋದು, ಕಷ್ಟ ಹೋದ ಕೂಡಲೇ ಗೆರೆ ಎಳೆಯೋದು.

ದೊಡ್ಡವ್ವಂದಿರು ಬೇಜಾರಾಗಬ್ಯಾಡ್ರಿ. ಕುಂಕುಮ ಬಿಡ್ರಿ ಅಂತ ನಾನು ಹೇಳ್ತಿಲ್ಲ. ರೋಗಕ್ಕೆ ಹೆದರಿ ಜಾಗ ಬದಲಾಯಿಸಿದ್ವಿ, ಜೋಳ ಬಿಟ್ಟು ಅಡಿಕೆ ಹಾಕಿದ್ವಿ, ಎಳ್ಳನ್ನ ಕೊರಿಯರ್‌ಗೆ ಹಾಕಿದ್ವಿ. ಆಗೆಲ್ಲ ಶಾಸ್ತ್ರ ಕೆಡಲಿಲ್ಲ. ಹಂಗಂದ ಮೇಲೆ ಒಂದು ಹಿಡಿ ಎಳ್ಳು ಗಂಡನಿಲ್ಲದ ಹೆಣ್ಣುಮಗಳ ಕೈಗೆ ಮುಂಬಾಗಿಲಿಂದಲೇ ಬಿದ್ರೆ ಕೆಡ್ತೈತಾ? ಭರಣಿನ ತಟ್ಟೆಯೊಳಗೆ ತೆರೆದಿಡ್ರಿ, ಬೇಕಾದೋರು ತಾವೇ ಹಚ್ಕೊಳ್ಳಲಿ. ಎಳ್ಳನ್ನ ಮಾತ್ರ ಎಲ್ಲರ ಕೈಗೂ ನಮ್ಮ ಕೈಯಾರೆ ಕೊಡೋಣ. ಒಳ್ಳೇ ಮಾತಾಡೋಣ ಅಂತ ಎಳ್ಳು ಕೊಡೋದು. ಒಳ್ಳೇ ಮಾತು ಬೇಕಾಗಿರೋದು ಯಾರಿಗೆ ಅಂತ ನೀವೇ ಹೇಳ್ರಿ.

ಎಳ್ಳು ಹುರಿಯೋವಾಗ ಎರಡು ಹಿಡಿ ಜಾಸ್ತಿನೇ ಹಾಕ್ರಿ.